ಹನಿ ನೀರಾವರಿ ಪೈಪಿಗೆ ಆಸಿಡ್ ಬಿಡುವ ಮುನ್ನ

ಡ್ರಿಪ್ಪರ್‌ಗಳಲ್ಲಿ ಬಿಳಿ ಪದರ ಕಟ್ಟಿಕೊಂಡು ನೀರು ಸರಿಯಾಗಿ ತೊಟ್ಟಿಕ್ಕುತ್ತಿಲ್ಲವೆಂದು ಬರೆದಿದ್ದೀರಿ. 33 ಪರ್ಸೆಂಟಿನ ಹೈಡ್ರೋಕ್ಲೋರಿಕ್ ಆಸಿಡ್ ಕ್ಯಾನ್ ತಂದಿಟ್ಟಿದ್ದು, ಅದನ್ನು ವೆಂಚುರಿಯ (ಹರಿಯುವ ನೀರಿಗೆ ದ್ರಾವಣವನ್ನು ಎಳೆದು ಸೇರಿಸುವ ಸಾಧನ) ಮೂಲಕ ಎಷ್ಟು ಬಿಡಬೇಕೆಂದು ಕೇಳಿದ್ದೀರಿ. ಮೂಗಿಗೆ ಬಟ್ಟೆ ಕಟ್ಟಿ ತೆಳು ಕೈಗವಸು ಹಾಕಿಕೊಂಡರೆ ಸಾಕಲ್ಲವೇ ಎಂಬುದು ನಿಮ್ಮ ಎರಡನೆಯ ಪ್ರಶ್ನೆ. ಮೊದಲ ಪ್ರಶ್ನೆಗೆ ಹಲವರು ಉತ್ತರ ಕೊಟ್ಟಿದ್ದಾರೆ, ಎರಡನೆಯದನ್ನು ಯಾರೂ ಮುಟ್ಟಿಲ್ಲ. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ: ಸಾಕಾಗುವುದಿಲ್ಲ. ಪೈಪಿನೊಳಗೆ ಹರಿಯುವ ತೆಳು ಆಸಿಡ್ ನೀರಿಗಿಂತ, ಕ್ಯಾನಿನ ಮುಚ್ಚಳ ತೆಗೆದು ಅಳೆದು ಸುರಿಯುವ ಆ ಕೆಲವು ನಿಮಿಷಗಳೇ ಈ ಕೆಲಸದಲ್ಲಿ ನಿಜವಾದ ಅಪಾಯದ ಹೊತ್ತು, ಮತ್ತು ಸಿದ್ಧತೆಯೆಲ್ಲ ಆ ಹೊತ್ತಿಗಾಗಿಯೇ ಆಗಬೇಕು.

ಅದಕ್ಕೂ ಮುಂಚೆ, ಆಸಿಡ್ ಬೇಕೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಕಟ್ಟಿಕೊಂಡಿರುವ ಒಂದು ಡ್ರಿಪ್ಪರನ್ನು ಕಿತ್ತು, ಕತ್ತರಿಸಿ, ಒಳಗಿನ ಪದರದ ಮೇಲೆ ಸ್ವಲ್ಪ ವಿನೆಗರ್ ಬಿಡಿ. ಸಣ್ಣ ಗುಳ್ಳೆಗಳು ಎದ್ದರೆ ಅದು ಸುಣ್ಣದ ಪದರ, ಅಂದರೆ ಗಡಸು ನೀರಿನಿಂದ ಕೂತ ಕ್ಯಾಲ್ಸಿಯಂ ಕಾರ್ಬೊನೇಟ್. ಇದನ್ನು ಆಸಿಡ್ ಕರಗಿಸುತ್ತದೆ. ಬೆರಳಿಗೆ ಲೋಳೆಯಂತೆ ಹತ್ತಿದರೆ ಅದು ಪಾಚಿ ಅಥವಾ ಬ್ಯಾಕ್ಟೀರಿಯಾ, ಅದಕ್ಕೆ ಕ್ಲೋರಿನ್ ಉಪಚಾರ ಬೇಕು. ಬರೀ ಕೆಸರಾದರೆ ಪೈಪುಗಳ ಕೊನೆಯ ಮುಚ್ಚಳಗಳನ್ನು ತೆಗೆದು ಜೋರಾಗಿ ನೀರು ಬಿಟ್ಟರೆ ಎಷ್ಟೋ ಹೊರಟುಹೋಗುತ್ತದೆ. ಇನ್ನೊಂದು ವಿಷಯ: ಪೂರ್ತಿ ಮುಚ್ಚಿಹೋದ ಡ್ರಿಪ್ಪರಿನೊಳಗೆ ನೀರೇ ಹರಿಯುವುದಿಲ್ಲವಾದ್ದರಿಂದ ಆಸಿಡ್ ಕೂಡ ಹೋಗುವುದಿಲ್ಲ. ಅಂಥವನ್ನು ಕಿತ್ತು ತೆಳು ಆಸಿಡ್ ನೀರಿನಲ್ಲಿ ನೆನೆಸಬೇಕು, ಇಲ್ಲವೇ ಬದಲಿಸಬೇಕು. ಅವುಗಳಿಗಾಗಿ ಇಡೀ ಲೈನಿಗೆ ಮತ್ತೆ ಮತ್ತೆ ಆಸಿಡ್ ಬಿಡುವುದರಿಂದ ಪ್ರಯೋಜನವಿಲ್ಲ.

ಪ್ರಮಾಣದ ವಿಷಯದಲ್ಲಿ ಬೇರೆಯವರ ಅಂಕಿಯನ್ನು ನಂಬಬೇಡಿ. ನೀರಿನಲ್ಲಿ ಬೈಕಾರ್ಬೊನೇಟ್ (ಕರಗಿರುವ ಒಂದು ಬಗೆಯ ಲವಣ) ಎಷ್ಟಿದೆಯೋ ಅಷ್ಟು ಆಸಿಡ್ ಅದನ್ನು ತಣಿಸುವುದಕ್ಕೇ ಖರ್ಚಾಗುತ್ತದೆ, ಹಾಗಾಗಿ ಒಂದೊಂದು ಬೋರ್‌ವೆಲ್ಲಿನ ಲೆಕ್ಕ ಒಂದೊಂದು ರೀತಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನಿಮ್ಮದೇ ನೀರನ್ನು 20 ಲೀಟರ್ ಅಳೆದು ತೆಗೆದುಕೊಂಡು, ಸ್ವಲ್ಪ ಸ್ವಲ್ಪವೇ ಆಸಿಡ್ ಹಾಕಿ ಪ್ಲಾಸ್ಟಿಕ್ ಕೋಲಿನಿಂದ ಕದಡುತ್ತಾ, ಪಿಎಚ್ ಕಾಗದದಲ್ಲಿ ನೋಡುತ್ತಾ ಹೋಗಿ. ರಸಸಾರ (ಪಿಎಚ್) 2 ಮತ್ತು 3ರ ನಡುವೆ ಬಂದಾಗ ನಿಲ್ಲಿಸಿ. ಅಷ್ಟರಲ್ಲಿ 20 ಮಿಲಿಲೀಟರ್ ಹಿಡಿದಿದ್ದರೆ ಲೀಟರ್ ನೀರಿಗೆ 1 ಮಿಲಿಲೀಟರ್ ಎಂದಾಯಿತು. ನಿಮ್ಮ ಲೈನಿನಲ್ಲಿ ಗಂಟೆಗೆ 6000 ಲೀಟರ್ ಹರಿಯುತ್ತಿದ್ದು, 15 ನಿಮಿಷ ಆಸಿಡ್ ಬಿಡುವುದಾದರೆ 1500 ಲೀಟರ್ ನೀರಿಗೆ ಒಂದೂವರೆ ಲೀಟರ್ ಆಸಿಡ್ ಬೇಕಾಗುತ್ತದೆ. ತುದಿಯ ಡ್ರಿಪ್ಪರಿನ ನೀರಿನಲ್ಲೂ ಕಾಗದ ಅದ್ದಿ ನೋಡಬೇಕು. ಅಲ್ಲಿಯೂ ಅದೇ ರಸಸಾರ ಬಂದ ಮೇಲೆ ಪಂಪ್ ನಿಲ್ಲಿಸಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಹಾಗೆಯೇ ಬಿಟ್ಟು, ನಂತರ ಕೊನೆಯ ಮುಚ್ಚಳಗಳನ್ನು ಒಂದೊಂದಾಗಿ ತೆಗೆದು ತಿಳಿನೀರು ಬರುವವರೆಗೆ ತೊಳೆಯಿರಿ. ಆಗ ಹೊರಬರುವ ನೀರು ಕಣ್ಣಿಗೆ ಸಿಡಿದರೆ ಉರಿಯುತ್ತದೆಂಬುದು ನೆನಪಿರಲಿ.

ಇನ್ನು ಕ್ಯಾನ್ ತೆರೆಯುವ ವಿಷಯ. ಈ ಆಸಿಡ್ ನೀರಿನಲ್ಲಿ ಕರಗಿಸಿದ ಹೈಡ್ರೋಜನ್ ಕ್ಲೋರೈಡ್ ಎಂಬ ಅನಿಲ. ಮುಚ್ಚಳ ತೆಗೆದ ಕೂಡಲೇ ಆ ಅನಿಲ ಹೊರಬಂದು, ಗಾಳಿಯ ತೇವವನ್ನು ಹೀರಿ, ಬಿಳಿ ಹೊಗೆಯಂತೆ ಕಾಣಿಸುತ್ತದೆ. ಮೂಗು, ಗಂಟಲು, ಶ್ವಾಸಕೋಶ ಎಲ್ಲವೂ ಒದ್ದೆಯಾಗಿರುವ ಜಾಗಗಳೇ ಆದ್ದರಿಂದ ಅಲ್ಲಿ ಮತ್ತೆ ಆಸಿಡ್ ಆಗಿಯೇ ಸುಡುತ್ತದೆ. ಬಟ್ಟೆಯಾಗಲಿ ಧೂಳಿನ ಮಾಸ್ಕ್ ಆಗಲಿ ಅನಿಲವನ್ನು ತಡೆಯುವುದಿಲ್ಲ. ಆದ್ದರಿಂದ ಪಂಪ್‌ಹೌಸಿನ ಒಳಗೆ ಕ್ಯಾನ್ ತೆರೆಯಲೇಬೇಡಿ, ಬಯಲಿನಲ್ಲಿ, ಗಾಳಿ ಪಕ್ಕದಿಂದ ಬೀಸುವಂತೆ ನಿಂತು ತೆರೆಯಿರಿ. ಬೆನ್ನಿಗೆ ಗಾಳಿ ಇರಲಿ ಎಂದು ಹಲವರು ಹೇಳುತ್ತಾರೆ, ಆದರೆ ಹಾಗೆ ನಿಂತರೆ ಗಾಳಿ ನಿಮ್ಮ ಮೈಯನ್ನು ಬಳಸಿಕೊಂಡು ಎದೆಯ ಮುಂದೆ ಸುಳಿಯುತ್ತದೆ, ಹೊಗೆಯೂ ಅಲ್ಲೇ ಮುಖದತ್ತ ಏಳಬಹುದು. ಬಿಸಿಲಿನಲ್ಲಿದ್ದ ಕ್ಯಾನಿನೊಳಗೆ ಒತ್ತಡ ಏರಿರುತ್ತದೆ. ಅದನ್ನು ನೆರಳಿನಲ್ಲಿಟ್ಟು, ತಣ್ಣಗಾದ ಮೇಲೆ, ಮುಖವನ್ನು ದೂರವಿಟ್ಟು ಮುಚ್ಚಳವನ್ನು ಕಾಲು ಸುತ್ತು ಮಾತ್ರ ಸಡಿಲಿಸಿ, ಬುಸ್ಸೆನ್ನುವುದು ನಿಂತ ಮೇಲೆ ಪೂರ್ತಿ ತೆಗೆಯಿರಿ.

ಸುರಿಯುವಾಗ ಬಹುತೇಕರು ಕ್ಯಾನಿನ ಬಾಯಿ ಕೆಳಗಡೆ ಬರುವಂತೆ ಬಗ್ಗಿಸುತ್ತಾರೆ. ಹಾಗೆ ಮಾಡಿದರೆ ಬಾಯಿ ಪೂರ್ತಿ ತುಂಬಿಕೊಂಡು ಒಳಗೆ ಗಾಳಿ ಹೋಗಲು ದಾರಿ ಇರದೆ, ಆಸಿಡ್ ಗಳಗಳನೆ ತಡೆತಡೆದು ಬೀಳುತ್ತದೆ, ಪ್ರತಿ ಸಲವೂ ಹನಿಗಳು ಸಿಡಿಯುತ್ತವೆ. ಬಾಯಿ ಮೇಲ್ಭಾಗದಲ್ಲಿರುವಂತೆ ಕ್ಯಾನನ್ನು ತಿರುಗಿಸಿ ಹಿಡಿದು ನಿಧಾನವಾಗಿ ಬಗ್ಗಿಸಿದರೆ ಗಾಳಿ ಒಳಗೆ ಹೋಗುತ್ತಲೇ ಇದ್ದು ಸಮನಾದ ಧಾರೆ ಬರುತ್ತದೆ. ದೊಡ್ಡ ಕ್ಯಾನಾದರೆ ಎತ್ತುವ ಸಾಹಸವೇ ಬೇಡ, ಆಸಿಡ್ಡಿಗೆಂದೇ ಇರುವ ಪ್ಲಾಸ್ಟಿಕ್ ಕೈಪಂಪ್ ಬಳಸಿ. ಪೈಪ್ ಹಾಕಿ ಬಾಯಿಂದ ಎಳೆಯುವ ಪದ್ಧತಿಯನ್ನು ಇಲ್ಲಿ ಯಾರೋ ಸೂಚಿಸಿದ್ದಾರೆ. ದಯವಿಟ್ಟು ಅದನ್ನು ಯಾರೂ ಮಾಡಬೇಡಿ.

ಡ್ರಮ್ಮಿಗೆ ಮೊದಲು ನೀರು, ಆಮೇಲೆ ಆಸಿಡ್. ಒಂದೂವರೆ ಲೀಟರಿಗೆ 30 ಲೀಟರ್ ನೀರು ತುಂಬಿಕೊಂಡು, ಅದರೊಳಕ್ಕೆ ಆಸಿಡ್ಡನ್ನು ನಿಧಾನವಾಗಿ ಬಿಟ್ಟು, ಆ ದ್ರಾವಣವನ್ನು ವೆಂಚುರಿಗೆ ಕೊಡಿ. ಸಲ್ಫ್ಯೂರಿಕ್ ಆಸಿಡ್ ಬಳಸಿ ಎಂದು ನಿಮ್ಮ ಪ್ರಶ್ನೆಗೆ ಉತ್ತರವಾಗಿ ಸಲಹೆ ಕೊಟ್ಟವರು ಈ ಕ್ರಮ ಅಲ್ಲಿ ಎಷ್ಟು ನಿರ್ಣಾಯಕ ಎಂಬುದನ್ನು ಬರೆದಿಲ್ಲ. 98 ಪರ್ಸೆಂಟಿನ ಸಲ್ಫ್ಯೂರಿಕ್ ಆಸಿಡ್ ಲೀಟರಿಗೆ 1.84 ಕಿಲೋ ತೂಗುತ್ತದೆ. ಅದರ ಮೇಲೆ ನೀರು ಸುರಿದರೆ ಹಗುರವಾದ ನೀರು ಮೇಲೆಯೇ ನಿಂತು, ಸೇರುವ ಗೆರೆಯಲ್ಲಿ ಹುಟ್ಟುವ ಶಾಖಕ್ಕೆ ಕುದಿದು, ಆಸಿಡ್ ಸಮೇತ ಮುಖಕ್ಕೆ ಹಾರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಸಲ್ಫ್ಯೂರಿಕ್ ಆಸಿಡ್ಡಿನಿಂದ ಜಿಪ್ಸಂ ಕೂತು ಡ್ರಿಪ್ಪರ್ ಮತ್ತೆ ಕಟ್ಟುವ ಸಾಧ್ಯತೆಯೂ ಉಂಟು. ಹಳೆಯ ಬ್ಯಾಟರಿಯ ಆಸಿಡ್ ಅಂತೂ ಬೇಡವೇ ಬೇಡ, ಅದರಲ್ಲಿ ಸೀಸ ಇರುತ್ತದೆ, ಅದು ಮಣ್ಣಿಗೆ ಸೇರಿದರೆ ತೆಗೆಯುವ ದಾರಿಯಿಲ್ಲ.

ಮೈಮೇಲೆ ಏನಿರಬೇಕೆಂದರೆ, ಎಲ್ಲಕ್ಕಿಂತ ಮೊದಲು ಸುತ್ತಲೂ ಮುಖಕ್ಕೆ ಒತ್ತಿ ಕೂರುವ ಗಾಗಲ್ಸ್. ಸಾಮಾನ್ಯ ಕನ್ನಡಕದ ಪಕ್ಕದಿಂದ ಹನಿ ಒಳಗೆ ಬರುತ್ತದೆ. ಕೈಗೆ ಮೊಣಕೈ ಹತ್ತಿರದವರೆಗೆ ಬರುವ ದಪ್ಪ ನೈಟ್ರೈಲ್, ನಿಯೋಪ್ರೀನ್ ಅಥವಾ ಪಿವಿಸಿ ಕೈಗವಸು ಇರಲಿ, ತೂತಿದೆಯೇ ಎಂದು ಮೊದಲೇ ಗಾಳಿ ತುಂಬಿಸಿ ಒತ್ತಿ ನೋಡಿ. ರಬ್ಬರ್ ಬೂಟಿನೊಳಗೆ ಪ್ಯಾಂಟ್ ಸಿಕ್ಕಿಸಬಾರದು, ಪ್ಯಾಂಟ್ ಬೂಟಿನ ಹೊರಗೇ ಇರಬೇಕು, ಇಲ್ಲವಾದರೆ ಬಿದ್ದ ಆಸಿಡ್ ನೇರವಾಗಿ ಬೂಟಿನೊಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಪ್ಲಾಸ್ಟಿಕ್ ಏಪ್ರನ್ ಒಳ್ಳೆಯದು. ಇವೆಲ್ಲ ಇದ್ದರೂ, ಪಕ್ಕದಲ್ಲಿ ನೀರಿನ ಪೈಪ್ ಹರಿಯುತ್ತಿರಬೇಕು, ಕೂಗಿದರೆ ಕೇಳುವ ದೂರದಲ್ಲಿ ಇನ್ನೊಬ್ಬರಿರಬೇಕು. ಇವೆರಡೂ ಇಲ್ಲದ ದಿನ ಕೆಲಸವನ್ನು ಮುಂದೂಡಿ.

ಮೈಗೆ ಬಿದ್ದರೆ ಕಾಯದೆ ನೀರು ಬಿಡಿ, ನೀರು ಬೀಳುತ್ತಿರುವಾಗಲೇ ಬಟ್ಟೆ ತೆಗೆಯಿರಿ. ತಲೆಯ ಮೇಲಿಂದ ಎಳೆದು ತೆಗೆಯುವ ಅಂಗಿಯಾದರೆ ಕತ್ತರಿಸಿಬಿಡಿ. ಕನಿಷ್ಠ 20 ನಿಮಿಷ ತೊಳೆಯಬೇಕು. ಕಣ್ಣಿಗೆ ಬಿದ್ದಾಗ ನೋವಿಗೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದರಿಂದ, ಜೊತೆಯವರು ರೆಪ್ಪೆಗಳನ್ನು ಬಿಡಿಸಿ ಹಿಡಿದು, ಮೂಗಿನ ಕಡೆಯಿಂದ ಹೊರಗಡೆಗೆ ನೀರು ಹರಿಯುವಂತೆ ಅಷ್ಟೇ ಹೊತ್ತು ತೊಳೆದು, ಆಮೇಲೆ ಆಸ್ಪತ್ರೆಗೆ ಕರೆದೊಯ್ಯಬೇಕು. ಸೋಡಾ, ಸುಣ್ಣದ ನೀರು ಹಚ್ಚಿ ಆಸಿಡ್ಡನ್ನು ತಣಿಸುವ ಪ್ರಯತ್ನವನ್ನು ಚರ್ಮದ ಮೇಲಾಗಲಿ ಕಣ್ಣಿನಲ್ಲಾಗಲಿ ಮಾಡಬಾರದು, ಹೊತ್ತೂ ಹಾಳು, ಗಾಯವೂ ಹೆಚ್ಚು. ನುಂಗಿದವರಿಗೆ ವಾಂತಿ ಮಾಡಿಸಬಾರದು, ಹೋಗುವಾಗ ಸುಟ್ಟ ಅನ್ನನಾಳವನ್ನು ಬರುವಾಗ ಅದು ಮತ್ತೊಮ್ಮೆ ಸುಡುತ್ತದೆ. ಹೊಗೆ ಹೆಚ್ಚಾಗಿ ಕುಡಿದವರು ಆ ಹೊತ್ತಿಗೆ ಸರಿಯಾಗಿದ್ದಂತೆ ಕಂಡರೂ ಕೆಲವು ಗಂಟೆಗಳ ನಂತರ ಉಸಿರಾಟ ಕಷ್ಟವಾಗಬಹುದು, ಕೆಮ್ಮು ನಿಲ್ಲದಿದ್ದರೆ ವೈದ್ಯರನ್ನು ಕಾಣಲೇಬೇಕು.

ಲೈನಿಗೆ ಬ್ಲೀಚಿಂಗ್ ಪುಡಿಯನ್ನೂ ಬಿಡುತ್ತೇನೆಂದು ನೀವು ಬರೆದಿರುವುದು ನನಗೆ ಹೆಚ್ಚು ಆತಂಕ ತಂದಿದೆ. ಬ್ಲೀಚಿಂಗ್ ಪುಡಿಗೆ ಆಸಿಡ್ ತಗುಲಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಅದು ಗಾಳಿಗಿಂತ ಭಾರವಾದ್ದರಿಂದ ಗುಂಡಿಯಲ್ಲಿ, ಪಂಪ್‌ಹೌಸಿನ ನೆಲದಲ್ಲಿ ತುಂಬಿ ನಿಲ್ಲುತ್ತದೆ. ಒಂದೇ ದಿನ ಎರಡನ್ನೂ ಮಾಡಬೇಡಿ, ನಡುವೆ ಇಡೀ ಲೈನನ್ನು ಬರೀ ನೀರಿನಿಂದ ತೊಳೆಯಿರಿ, ಒಂದೇ ಬಕೆಟ್, ಒಂದೇ ಮಗ್ ಬಳಸಬೇಡಿ. ಸುಣ್ಣ-ಗಂಧಕದ ದ್ರಾವಣ ಸಿಂಪಡಿಸುವವರು ಅದನ್ನೂ ದೂರವಿಡಬೇಕು, ಆಸಿಡ್ ತಾಗಿದರೆ ಅದರಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಬರುತ್ತದೆ. ಹಿತ್ತಾಳೆ, ಜಿಐ (ಸತು ಲೇಪಿಸಿದ ಕಬ್ಬಿಣ), ಅಲ್ಯೂಮಿನಿಯಂ ಭಾಗಗಳನ್ನು ಈ ಆಸಿಡ್ ತಿನ್ನುತ್ತದೆ, ಆದಕಾರಣ ಕಬ್ಬಿಣದ ಫಿಲ್ಟರ್ ದಾಟಿದ ಮೇಲೆಯೇ ಅದನ್ನು ಸೇರಿಸಿ. ಹಿಂದಕ್ಕೆ ಹರಿದು ಬಾವಿಗೆ ಸೇರದಂತೆ ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ) ವಾಲ್ವ್ ಕೆಲಸ ಮಾಡುತ್ತಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಉಳಿದ ಆಸಿಡ್ಡನ್ನು ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ತುಂಬಿಡಬೇಡಿ. ಅದು ಬಂದ ಕ್ಯಾನಿನಲ್ಲೇ, ಲೇಬಲ್ ಸಮೇತ, ನೆಲದ ಮಟ್ಟದಲ್ಲಿ, ಪ್ಲಾಸ್ಟಿಕ್ ತಟ್ಟೆಯ ಮೇಲೆ, ಬೀಗ ಹಾಕುವ ಕಡೆ ಇರಲಿ. ಸ್ಟಾರ್ಟರ್ ಪ್ಯಾನೆಲ್ ಮತ್ತು ಕಬ್ಬಿಣದ ಸಾಮಾನಿರುವ ಕೋಣೆ ಬೇಡ, ಮುಚ್ಚಳದ ಸಂದಿನಿಂದ ಬರುವ ಆವಿಯೇ ಅವನ್ನು ತುಕ್ಕು ಹಿಡಿಸುತ್ತದೆ. ನೆಲಕ್ಕೆ ಸ್ವಲ್ಪ ಚೆಲ್ಲಿದರೆ ಸುಣ್ಣದ ಪುಡಿ ಅಥವಾ ಅಡುಗೆ ಸೋಡಾವನ್ನು ಅಂಚಿನಿಂದ ಒಳಕ್ಕೆ ಉದುರಿಸುತ್ತಾ ಬಂದು, ನೊರೆ ನಿಂತ ಮೇಲೆ ನೀರು ಹಾಕಿ. ಖಾಲಿಯಾದ ಕ್ಯಾನನ್ನು ಮೂರು ಸಲ ತೊಳೆದು ಆ ನೀರನ್ನು ಅದೇ ಡ್ರಮ್ಮಿಗೆ ಸುರಿಯಿರಿ, ನಂತರ ಅದಕ್ಕೆ ತೂತು ಮಾಡಿ, ಯಾರೂ ಕುಡಿಯುವ ನೀರಿಗೆ ಬಳಸದಂತೆ.