ಹುಡುಗಿಯ ಕೈ ಹೋದದ್ದೇಕೆ?

ಪ್ರಶ್ನೆ: ಬೆಂಗಳೂರಿನಲ್ಲಿ ಓದುತ್ತಿದ್ದಾಗ ಜಾನ್ ವೇನ್ ನಟಿಸಿದ ‘ಟ್ರೂ ಗ್ರಿಟ್’ ನೋಡಿದ್ದೆ. ಕೊನೆಯಲ್ಲಿ ಒಕ್ಕಣ್ಣಿನ ಮಾರ್ಷಲ್ (ಅಮೆರಿಕದ ಪೊಲೀಸ್ ಅಧಿಕಾರಿ) ಕುದುರೆಯೇರಿ ಬೇಲಿ ಹಾರಿ ಹೋಗುವುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮೊನ್ನೆ ಮಳೆ ಬಿಡದ ದಿನ ಮೊಮ್ಮಗಳ ಜೊತೆ ಅದೇ ಕಥೆಯ ಹೊಸ ಚಿತ್ರ ನೋಡಿದೆ. ಹಾವು ಕಚ್ಚಿದ ಹುಡುಗಿಯ ಕೈಯನ್ನೇ ಕತ್ತರಿಸಿಬಿಟ್ಟಿದ್ದಾರೆ, ಮಾರ್ಷಲ್ ಕೂಡ ತೀರಿಹೋಗುತ್ತಾನೆ. ಮೊಮ್ಮಗಳು ಅತ್ತು ಊಟ ಬಿಟ್ಟಳು. ಚೆನ್ನಾಗಿದ್ದ ಕಥೆಯನ್ನು ಹೀಗೆ ಕೆಡಿಸಬೇಕಿತ್ತೇ?
– ಅಡಿಕೆ ಬೆಳೆಗಾರರೊಬ್ಬರು, ತೀರ್ಥಹಳ್ಳಿ

ಉತ್ತರ: ಹಿರಿಯರೇ, ಮೊಮ್ಮಗಳ ಕಣ್ಣೀರಿಗೆ ನನ್ನ ಗೌರವವಿದೆ. ಆದರೆ ಆ ಕೈ ಹೋದದ್ದು 2010ರ ಚಿತ್ರದಲ್ಲಲ್ಲ, 1968ರಲ್ಲಿ ಚಾರ್ಲ್ಸ್ ಪೋರ್ಟಿಸ್ ಬರೆದ ಕಾದಂಬರಿಯಲ್ಲಿ. ಮರುವರ್ಷ ಹೆನ್ರಿ ಹ್ಯಾಥವೇ ಅದನ್ನು ಚಿತ್ರ ಮಾಡಿದಾಗ ಕೈ ಉಳಿಸಿ, ಕೊರಳಿಗೆ ಬಟ್ಟೆ ಕಟ್ಟಿ ನೇತುಹಾಕಿದರು. ಅದು ವೇನ್ ಅವರ ಚಿತ್ರ. ಅವರಿಗೆ ಜೀವಮಾನದಲ್ಲಿ ಬಂದ ಒಂದೇ ಆಸ್ಕರ್ ಅದರಿಂದಲೇ ಬಂತು. ಜನ ಅವರನ್ನು ನಗುತ್ತ ಬೀಳ್ಕೊಡಲು ಬಯಸಿದ್ದರು, ಚಿತ್ರ ಹಾಗೆಯೇ ಬೀಳ್ಕೊಟ್ಟಿತು. ನನಗೂ ಅದು ಇಷ್ಟವೇ.

2010ರ ಚಿತ್ರ ನಿರ್ದೇಶಿಸಿದ ಕೋಯೆನ್ ಸಹೋದರರು ಕಥೆಯನ್ನು ಮತ್ತೆ ಹುಡುಗಿಯ ಕೈಗೆ ಕೊಟ್ಟರು. ಅಪ್ಪನನ್ನು ಕೊಂದವನ ಬೆನ್ನು ಹತ್ತುವ ಮ್ಯಾಟಿಗೆ ಕಾದಂಬರಿಯಲ್ಲಿ 14 ವರ್ಷ. ಹಳೆಯ ಚಿತ್ರದ ನಟಿ 20 ದಾಟಿದ್ದವರು. ಹೊಸದರಲ್ಲಿ ನಟಿಸುವಾಗ ಹೇಲೀ ಸ್ಟೈನ್‌ಫೆಲ್ಡ್‌ಗೆ 13 ವರ್ಷ. ಕುದುರೆ ವ್ಯಾಪಾರಿಯೊಡನೆ ಅವಳು ಚೌಕಾಸಿ ಮಾಡುವ ದೃಶ್ಯವನ್ನು ಇನ್ನೊಮ್ಮೆ ನೋಡಿ. ಅಪ್ಪ ಕೊಂಡಿದ್ದ ಕುದುರೆಗಳನ್ನು ಅವನಿಗೇ ತಿರುಗಿ ಮಾರಬೇಕು, ಕಳುವಾದ ಕುದುರೆಯ ಬೆಲೆಯನ್ನೂ ಅವನಿಂದಲೇ ವಸೂಲು ಮಾಡಬೇಕು. ಧ್ವನಿ ಏರಿಸುವುದಿಲ್ಲ, ಕುರ್ಚಿಯಿಂದ ಅಲುಗುವುದಿಲ್ಲ, ಆಗಾಗ ವಕೀಲರ ಹೆಸರೆತ್ತುತ್ತಾಳೆ ಅಷ್ಟೆ. ನನಗೆ ನೆನಪಾದದ್ದು ಸಾಗರದ ಹತ್ತಿರದ ನನ್ನ ಸೋದರತ್ತೆ. ಮಾವ ತೀರಿಕೊಂಡ ವರ್ಷ, ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಚೇಣಿದಾರ ಬಂದು, ಈ ಸಲ ಕೊಳೆರೋಗ ಜಾಸ್ತಿ, ಇಷ್ಟೇ ಕೊಡಬಲ್ಲೆ ಎಂದ. ಅತ್ತೆ ಮಾತಾಡದೆ ಒಳಗಿನಿಂದ ಮಾವನ ಕೈಬರಹದ ಲೆಕ್ಕದ ಪುಸ್ತಕ ತಂದು, ಹಿಂದಿನ ಮೂರು ವರ್ಷದ ಅಡಿಕೆಯಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಎಂದು ಒಂದೊಂದೇ ಬಗೆಯ ಲೆಕ್ಕ ಓದತೊಡಗಿದರು. ಎರಡನೆಯ ಪುಟಕ್ಕೆ ಆತ ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ. ಅಂಥ ಹೆಣ್ಣುಮಗಳ ಕಥೆ ಇದು. ಮಾರ್ಷಲ್ ಅವಳು ಕೂಲಿಗೆ ಹಿಡಿದ ಆಳು.

ಇನ್ನು ಹಾವು. ಕಚ್ಚಿದ್ದು ಗಿಲಕಿ ಹಾವು (ರ್ಯಾಟಲ್‌ಸ್ನೇಕ್), ಮಂಡಲದ ಹಾವುಗಳ ದೂರದ ನೆಂಟ. ಅದರ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸಬಲ್ಲದು. ಕಥೆ ನಡೆಯುವುದು 1870ರ ದಶಕದಲ್ಲಿ, ಹಾವಿನ ವಿಷಕ್ಕೆ ಪ್ರತಿವಿಷ ತಯಾರಾದದ್ದು 1890ರ ದಶಕದಲ್ಲಿ. ಮಾರ್ಷಲ್ ರಾತ್ರಿಯಿಡೀ ಓಡಿಸಿ, ಕುದುರೆ ಸತ್ತ ಮೇಲೆ ಅವಳನ್ನು ಹೊತ್ತು ಓಡಿ ಜೀವ ಉಳಿಸುತ್ತಾನೆ. ಕೈ ಉಳಿಸುವ ಔಷಧ ಆಗ ಲೋಕದಲ್ಲೇ ಇರಲಿಲ್ಲ. ಮೊಮ್ಮಗಳಿಗೆ ಇದನ್ನು ಹೇಳಿ. ಜೊತೆಗೆ ಇನ್ನೊಂದು ಮಾತನ್ನೂ ಖಂಡಿತ ಹೇಳಿ, ಏಕೆಂದರೆ ನಿಮ್ಮದು ತೋಟದ ಮನೆ: ಮಾರ್ಷಲ್ ಗಾಯ ಕೊಯ್ದು ವಿಷ ಹೀರುವುದನ್ನು ಯಾರೂ ಅನುಕರಿಸಬಾರದು. ಬಿಗಿಯಾಗಿ ಹಗ್ಗ ಕಟ್ಟುವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ಇರಿಸಿಕೊಂಡು ನೇರವಾಗಿ ಪ್ರತಿವಿಷ ಇರುವ ಆಸ್ಪತ್ರೆಗೆ ಹೋಗಬೇಕು.

ಮಾರ್ಷಲ್ ಸಾಯುವುದರ ಬಗ್ಗೆ ನನಗೆ ನಿಮ್ಮಷ್ಟು ಬೇಸರವಾಗಲಿಲ್ಲ. ನಿಮಗೆ ನೆನಪಿರಬಹುದು, ಹಳೆಯ ಚಿತ್ರದಲ್ಲಿ ಅವನು ಬೇಲಿ ಹಾರುವ ಮೊದಲು ಹಿಮ ಬಿದ್ದ ಸ್ಮಶಾನದಲ್ಲಿ ಮ್ಯಾಟಿ ತನ್ನ ಮನೆತನದವರ ಪಕ್ಕದಲ್ಲಿ ಅವನಿಗೂ ಮಣ್ಣಿನ ಜಾಗ ಕೊಡುತ್ತೇನೆ ಎನ್ನುತ್ತಾಳೆ. ಅಲ್ಲಿ ಅದು ಬರಿಯ ಮಾತಾಗಿ ಉಳಿಯುತ್ತದೆ. ಹೊಸದರಲ್ಲಿ 25 ವರ್ಷ ಕಳೆದ ಮೇಲೆ ಒಂಟಿ ಕೈಯ, ಮದುವೆಯಾಗದ ಮ್ಯಾಟಿ ರೈಲು ಹತ್ತಿ ಅವನನ್ನು ಹುಡುಕಿಕೊಂಡು ಹೋಗುತ್ತಾಳೆ. ಮೂರು ದಿನದ ಹಿಂದೆ ತೀರಿಕೊಂಡ ಎನ್ನುತ್ತಾರೆ. ಅವಳು ಅವನ ದೇಹವನ್ನು ತನ್ನೂರಿಗೆ ತರಿಸಿ, ತನ್ನವರ ನಡುವೆಯೇ ಮಣ್ಣು ಮಾಡಿಸುತ್ತಾಳೆ.

ಮೊಮ್ಮಗಳು ಸಮಾಧಾನವಾದ ಮೇಲೆ ಇಬ್ಬರೂ ಹಳೆಯದನ್ನು ನೋಡಿ. ಆ ಸ್ಮಶಾನದ ದೃಶ್ಯ ಬಂದಾಗ ಅವಳ ಪಕ್ಕದಲ್ಲೇ ಕುಳಿತಿರಿ.