ನೂರು ಗಿಡ, ಒಂದು ಗಿಡದ ವ್ಯತ್ಯಾಸ: ಮೀನ್-ಫೀಲ್ಡ್ ಅಂದಾಜನ್ನು ಎಷ್ಟು ನಂಬಬಹುದು?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಕಾಫಿ ಎಲೆ ತುಕ್ಕು ರೋಗದ ಮಾದರಿ ಮಾಡಿದ್ದೇನೆ. ಗಿಡ 100. ತುಕ್ಕು ಹಿಡಿದ ಎಲೆ ಉದುರಿ ಹೊಸದು ಬಂದರೆ ಗಿಡಕ್ಕೆ ಮತ್ತೆ ರೋಗ ತಗಲಬಹುದು. ಹರಡುವ ದರ 2, ಗುಣವಾಗುವ ದರ 1. ಮೀನ್-ಫೀಲ್ಡ್ ಸಮೀಕರಣ (ಏರಿಳಿತ ಬಿಟ್ಟು ಸರಾಸರಿಯನ್ನಷ್ಟೇ ಲೆಕ್ಕ ಹಾಕುವುದು) 50 ರೋಗಿ ಗಿಡ ಎನ್ನುತ್ತದೆ, ಸಿಮ್ಯುಲೇಶನ್ ಸರಾಸರಿ 49ರಲ್ಲೇ ನಿಲ್ಲುತ್ತದೆ. ಹರಡುವ ದರ 1.1ಕ್ಕೆ ಇಳಿಸಿದರೆ ರೋಗವೇ ಮಾಯ. ಕೋಡ್ ತಪ್ಪೇ? — ಓದುಗರು, ಚಿಕ್ಕಮಗಳೂರು

ಉತ್ತರ: ಕೋಡ್ ಸರಿಯಾಗಿದೆ, 49 ಬರಲೇಬೇಕು. ಹೊಸ ಸೋಂಕಿನ ಲೆಕ್ಕದಲ್ಲಿ ರೋಗಿ ಗಿಡಗಳ ಪಾಲಿನ ವರ್ಗವನ್ನು (ಪಾಲನ್ನು ಅದರಿಂದಲೇ ಗುಣಿಸಿದ್ದನ್ನು) ಕಳೆಯಬೇಕಾಗುತ್ತದೆ. ವರ್ಗದ ಸರಾಸರಿ, ಸರಾಸರಿಯ ವರ್ಗಕ್ಕಿಂತ ವೇರಿಯೆನ್ಸ್‌ನಷ್ಟು (ಏರಿಳಿತದ ವರ್ಗದಷ್ಟು) ದೊಡ್ಡದು. ಮೀನ್-ಫೀಲ್ಡ್ ಆ ವೇರಿಯೆನ್ಸನ್ನು ಕೈಬಿಡುತ್ತದೆ, ಅದಕ್ಕೇ ಅದರ ಉತ್ತರ ಹೆಚ್ಚು. ನಿಮ್ಮ ಮಾದರಿಯಲ್ಲಿ ಅದು ಸುಮಾರು (1 ÷ 2) ÷ 100, ಅಂದರೆ 0.005. ಇದನ್ನು ಸ್ಥಿರ ಪಾಲು 0.5ರಿಂದ ಭಾಗಿಸಿದರೆ 0.01: ನಿಮಗೆ ಕಾಣೆಯಾದ ಆ ಒಂದು ಗಿಡ.

ಏರಿಳಿತ ಇದಕ್ಕಿಂತ ಬಹಳ ದೊಡ್ಡದು, ಸುಮಾರು 7 ಗಿಡ. ಗಿಡಗಳ ಸಂಖ್ಯೆ ನಾಲ್ಕು ಪಟ್ಟಾದರೆ ಪಾಲಿನ ಏರಿಳಿತ ಅರ್ಧವಾಗುತ್ತದೆ, ಸರಾಸರಿಯ ದೋಷ ಕಾಲು ಭಾಗಕ್ಕಿಳಿಯುತ್ತದೆ. ಈ ಎರಡನ್ನು ಒಂದೇ ಎಂದುಕೊಳ್ಳುವವರೇ ಹೆಚ್ಚು. 0.01ರ ದೋಷವನ್ನು 0.001ರ ನಿಖರತೆಯಲ್ಲಿ ನೋಡಲು ಸಿಮ್ಯುಲೇಶನ್‌ನಿಂದ ಸುಮಾರು 5000 ಸ್ವತಂತ್ರ ಸ್ಯಾಂಪಲ್‌ಗಳು ಬೇಕು. ಒಂದಕ್ಕೂ ಇನ್ನೊಂದಕ್ಕೂ ಕನಿಷ್ಠ 3 ಕಾಲಮಾನದ (ಒಂದು ಕಾಲಮಾನ ಎಂದರೆ ಗಿಡವೊಂದು ಗುಣವಾಗಲು ಬೇಕಾದ ಸರಾಸರಿ ಸಮಯ) ಅಂತರವಿರಲಿ. ಸಿಮ್ಯುಲೇಶನ್ ಸ್ಥಿರವಾಗುವವರೆಗಿನ ಮೊದಲ ಭಾಗವನ್ನು ಬಿಸಾಡಿ. ಇನ್ನೊಂದು ಸೂಕ್ಷ್ಮ: ಹರಡುವ ದರವನ್ನು 100ರಿಂದ ಭಾಗಿಸುವ ಬದಲು, ಗಿಡ ತನ್ನನ್ನು ತಾನೇ ಆರಿಸದಂತೆ 99ರಿಂದ ಭಾಗಿಸಿದ್ದರೆ ಸರಾಸರಿ 49.5ರ ಹತ್ತಿರ ಬರುತ್ತಿತ್ತು.

ದರ 1.1ರಲ್ಲಿ ಕತೆಯೇ ಬೇರೆ. ಸಮೀಕರಣದ ಉತ್ತರ 9 ಗಿಡ, ಏರಿಳಿತವೂ ಸುಮಾರು 9.5. ಮೇಲಿನ ಸೂತ್ರ ಹಾಕಿದರೆ ತಿದ್ದುಪಡಿ 10 ಗಿಡ, ಅಂದರೆ ಉತ್ತರಕ್ಕಿಂತಲೂ ದೊಡ್ಡದು! ಅಲ್ಲಿಗೆ ಅಂದಾಜು ಮುಗಿಯಿತು. ಸೊನ್ನೆ ತಾಕಿದ ರೋಗ ಮತ್ತೆ ಏಳುವುದಿಲ್ಲ. ನಿಜಕ್ಕೆ ದರ 2ರಲ್ಲೂ ಒಂದಲ್ಲ ಒಂದು ದಿನ ರೋಗ ನಂದಲೇಬೇಕು, ಆದರೆ 100 ಗಿಡಕ್ಕೆ ಅದು ಹತ್ತು ಕೋಟಿ ಕಾಲಮಾನದ ಆಸುಪಾಸಿನ ಮಾತು. ಗಿಡ ಹೆಚ್ಚಿದಂತೆ ಸಿಮ್ಯುಲೇಶನ್ ಮೀನ್-ಫೀಲ್ಡ್‌ಗೆ ಹತ್ತಿರವಾಗುತ್ತದೆ ಎಂದು ಗಣಿತಜ್ಞ ಕುರ್ಟ್ಜ್ 1970ರಲ್ಲಿ ಸಾಧಿಸಿದ ಪ್ರಮೇಯ ಸೀಮಿತ ಕಾಲಾವಧಿಗೆ ಮಾತ್ರ ಭರವಸೆ ಕೊಡುತ್ತದೆ. ದೀರ್ಘಕಾಲದ ಸರಾಸರಿಗೆ ಅದನ್ನು ಹಾಗೇ ಎಳೆದು ತರಬೇಡಿ.

ನನಗೆ ಹೆಚ್ಚು ಅನುಮಾನವಿರುವುದು ಬೇರೆ ಕಡೆ. ನಿಮ್ಮ ಮಾದರಿಯಲ್ಲಿ ಯಾವ ಗಿಡದಿಂದ ಯಾವ ಗಿಡಕ್ಕಾದರೂ ಸಮಾನವಾಗಿ ರೋಗ ಹಬ್ಬುತ್ತದೆ. ಮೂಡಿಗೆರೆಯ ಮಳೆಯಲ್ಲಿ ಸಿಡಿಯುವ ಹನಿ ಹೆಚ್ಚಾಗಿ ಪಕ್ಕದ ಗಿಡಕ್ಕೇ ಬೀಳುತ್ತದೆ, ರೋಗಿ ಗಿಡಗಳು ಗುಂಪುಗೂಡುತ್ತವೆ. ಈ ದೋಷ ಗಿಡ ಹೆಚ್ಚಿಸಿದರೂ ಕರಗದು. ಸಾಲುಸಾಲಾಗಿ ನೆಟ್ಟ ಜಾಲದ ಮೇಲೆ 50, 100, 200, 400 ಗಿಡಗಳಿಗೆ ಓಡಿಸಿ, ಮೀನ್-ಫೀಲ್ಡ್‌ಗೂ ಸಿಮ್ಯುಲೇಶನ್‌ಗೂ ಇರುವ ಪಾಲಿನ ವ್ಯತ್ಯಾಸವನ್ನು ಗಿಡಗಳ ಸಂಖ್ಯೆಯಿಂದ ಗುಣಿಸಿ. ಗುಣಲಬ್ಧ ಒಂದೇ ಮಟ್ಟದಲ್ಲಿದ್ದರೆ ಅದು ಸಂಖ್ಯೆಯ ದೋಷ. ಏರುತ್ತಲೇ ಹೋದರೆ ಅಕ್ಕಪಕ್ಕದ ಜೋಡಿಗಳನ್ನು ಲೆಕ್ಕಕ್ಕೆ ತರುವ ಜೋಡಿ ಅಂದಾಜಿಗೆ ಹೋಗಬೇಕು.