ಆಂಬುಲೆನ್ಸ್ ರೊಕ್ಕ ಪಾಲಿಸಿಯಿಂದ ಯಾಕೆ ಬರಲಿಲ್ಲ?

ಆರೋಗ್ಯ ವಿಮೆಯ ಕ್ಲೇಮ್ ಕಾಗದ ನೋಡುವುದೇ ನನ್ನ ಕೆಲಸ. ಈ ಸಲವೂ ಪತ್ರಗಳ ತುಂಬಾ ಆಂಬುಲೆನ್ಸೇ. ಕೇಳುವುದೂ ಅದೇ ಅದೇ. ಪ್ರೀಮಿಯಂ ಅಂದ್ರೇನು, ಕ್ಯಾಶ್‌ಲೆಸ್ ಅಂದ್ರೇನು ಅಂತ ಇಲ್ಲಿ ಹೇಳುತ್ತಾ ಕೂರುವುದಿಲ್ಲ. ಅದು ನಿಮ್ಮ ಏಜೆಂಟರ ಕೆಲಸ. ಕಮಿಷನ್ ತಗೊಂಡಿದ್ದಾರೆ, ಅವರನ್ನೇ ಕೇಳಿ.

108ರವರಿಗೆ ಎಷ್ಟು ಕೊಡಬೇಕು? ಅದು ಹೆರಿಗೆ, ಅಪಘಾತಕ್ಕೆ ಮಾತ್ರ ಅಲ್ವಾ? (ನವಲಗುಂದ)

ಒಂದು ಪೈಸೆಯೂ ಕೊಡಬೇಡಿ. ನಮ್ಮ ರಾಜ್ಯದಲ್ಲಿ ಆ ಗಾಡಿ ಓಡಲು ಶುರುವಾಗಿದ್ದು 2008ರಲ್ಲಿ. ಎದೆನೋವು, ಲಕ್ವ, ಹಾವು ಕಡಿತ, ವಿಷ, ಎಲ್ಲಕ್ಕೂ ಬರುತ್ತದೆ.

ಅಪ್ಪನಿಗೆ ರಾತ್ರಿ ಎದೆನೋವು ಬಂತು. ಊರಿನ ಡಾಕ್ಟರ್ ಗ್ಯಾಸ್ ಎಂದು ಇಂಜೆಕ್ಷನ್ ಕೊಟ್ಟರು. ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿ ಹುಬ್ಬಳ್ಳಿಗೆ ಬರೆದುಕೊಟ್ಟರು. ಖಾಸಗಿ ಆಂಬುಲೆನ್ಸ್‌ಗೆ 6,500 ಕೊಟ್ಟೆವು. ಆಸ್ಪತ್ರೆ ಬಿಲ್ ಕ್ಯಾಶ್‌ಲೆಸ್ ಆಯಿತು. ಆಂಬುಲೆನ್ಸ್ ದುಡ್ಡು ಮಾತ್ರ ಬರಲೇ ಇಲ್ಲ. ನಮ್ಮದು ಆರೋಗ್ಯ ಸಂಜೀವಿನಿ, 5 ಲಕ್ಷದ ಪಾಲಿಸಿ. ಇದು ಮೋಸ ಅಲ್ವಾ? (ರೋಣ)

ಮೋಸ ಅಲ್ಲ. 5 ಲಕ್ಷ ಅನ್ನುವುದು ಪಾಲಿಸಿಯ ಒಟ್ಟು ಮೊತ್ತ. ಅದರೊಳಗೆ ಆಂಬುಲೆನ್ಸ್‌ಗೆ ಬೇರೆಯೇ ಮಿತಿ ಇರುತ್ತದೆ. ಆರೋಗ್ಯ ಸಂಜೀವಿನಿಯಲ್ಲಿ ಒಂದು ಸಲ ಅಡ್ಮಿಟ್ ಆದರೆ ಹೆಚ್ಚೆಂದರೆ 2,000 ರೂಪಾಯಿ. 2020ರಲ್ಲಿ ಈ ಪಾಲಿಸಿ ಬಂದಾಗಲೇ ಹಾಗೆ ಬರೆದಿದೆ. ಯಾವ ಕಂಪನಿಯಲ್ಲಿ ತಗೊಂಡರೂ ಇದೇ ನಿಯಮ. "ಆಂಬುಲೆನ್ಸ್ ಎಲ್ಲಾ ಫ್ರೀ ರೀ" ಎಂದು ಹೇಳಿ ಪಾಲಿಸಿ ಮಾರಿದವರನ್ನು ಹಿಡಿದು ಕೇಳಿ. ಉಳಿದ 4,500 ನಿಮ್ಮ ಕೈಯದೇ.

ಹಾಗಾದರೆ ಆ 2,000 ಆದರೂ ಯಾಕೆ ಬರಲಿಲ್ಲ? ಕ್ಯಾಶ್‌ಲೆಸ್‌ನಲ್ಲಿ ಕಂಪನಿ ಕೊಡುವುದು ಆಸ್ಪತ್ರೆ ಕಳಿಸಿದ ಬಿಲ್ಲಿಗೆ. ಆಸ್ಪತ್ರೆಯದೇ ಗಾಡಿಯಾಗಿದ್ದರೆ ಅದೇ ಬಿಲ್ಲಿನಲ್ಲಿ ಸೇರುತ್ತಿತ್ತು. ನೀವು ಹೊರಗಿನ ಗಾಡಿ ತಂದಿದ್ದೀರಿ, ಕೈಯಾರೆ ದುಡ್ಡು ಕೊಟ್ಟಿದ್ದೀರಿ. ಅದು ಆಸ್ಪತ್ರೆಯವರಿಗೂ ಗೊತ್ತಿಲ್ಲ, ಕಂಪನಿಗೂ ಗೊತ್ತಿಲ್ಲ. ಅದನ್ನು ನೀವೇ ಬೇರೆಯಾಗಿ ಕಳಿಸಿ ಕೇಳಬೇಕು. ಡಿಸ್ಚಾರ್ಜ್ ಆದ 30 ದಿನದೊಳಗೆ. ದಿನ ದಾಟಿದ್ದರೆ ಯಾಕೆ ತಡವಾಯಿತೆಂದು ನಾಲ್ಕು ಸಾಲು ಬರೆದು, ಆದರೂ ಕಳಿಸಿ.

ಇನ್ನು ನೀವು ಲಗತ್ತಿಸಿದ ಆ ಚೀಟಿ. "6500 ಮುಟ್ಟಿದೆ" ಅಂತಷ್ಟೇ ಇದೆ, ಕೆಳಗೊಂದು ಗೀಚು. ಯಾರಿಂದ ಮುಟ್ಟಿತು, ಯಾವತ್ತು, ಯಾವ ಗಾಡಿ? ಇದನ್ನು ನೋಡಿ ನಾನೂ ದುಡ್ಡು ಕೊಡುವುದಿಲ್ಲ. ಬಿಲ್ಲಿನಲ್ಲಿ ರೋಗಿಯ ಹೆಸರು, ತಾರೀಕು, ಎಲ್ಲಿಂದ ಎಲ್ಲಿಗೆ, ಗಾಡಿ ನಂಬರ್, ಬಿಲ್ ನಂಬರ್, ಮೊತ್ತ, ಮಾಲೀಕರ ಸಹಿ-ಮೊಹರು ಇರಬೇಕು. ಗಾಡಿಯೂ ಆಂಬುಲೆನ್ಸ್ ಎಂದೇ ನೋಂದಣಿಯಾಗಿರಬೇಕು. ಸೀಟು ಕಿತ್ತು ಸ್ಟ್ರೆಚರ್ ಹಾಕಿದ ಓಮ್ನಿಯ ಬಿಲ್ ನಡೆಯುವುದಿಲ್ಲ. ಫೋನ್‌ಪೇ ಸ್ಕ್ರೀನ್‌ಶಾಟ್ ಬಿಲ್ ಅಲ್ಲ, ಬಿಲ್ಲಿನ ಜೊತೆ ಇದ್ದರೆ ಒಳ್ಳೆಯದು ಅಷ್ಟೇ. ಈಗಲೇ ಮಾಲೀಕರಿಗೆ ಫೋನ್ ಮಾಡಿ ಸರಿಯಾದ ಬಿಲ್ ಬರೆಸಿಕೊಳ್ಳಿ. ಕೊಟ್ಟಷ್ಟೇ ಬರೆಸಿ. ಅದರಲ್ಲಿ ಜಿಎಸ್‌ಟಿ ಹಾಕಿದ್ದರೆ ತೆಗೆಸಿ, ಆಂಬುಲೆನ್ಸ್ ಸೇವೆಗೆ ಜಿಎಸ್‌ಟಿ ಇಲ್ಲ. ಟೋಲ್ ಅಂತ ಇದ್ದರೆ ಅದನ್ನೂ ಕೇಳಿ, ರಾಷ್ಟ್ರೀಯ ಹೆದ್ದಾರಿಯಲ್ಲಿ ಆಂಬುಲೆನ್ಸ್‌ಗೆ ಟೋಲ್ ಇಲ್ಲ.

ಬಿಲ್ಲಿನ ಜೊತೆ ಡಿಸ್ಚಾರ್ಜ್ ಸಮ್ಮರಿಯ ಪ್ರತಿ ಇಡಿ. ತಾಲ್ಲೂಕು ಆಸ್ಪತ್ರೆಯವರು ಬರೆದುಕೊಟ್ಟ ರೆಫರ್ ಚೀಟಿಯನ್ನು ಮಾತ್ರ ಮರೆಯಬೇಡಿ. ನಿಮ್ಮ ಕೇಸಿನಲ್ಲಿ ಅದೇ ಮುಖ್ಯ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋದಾಗ ಕಂಪನಿ ಮೊದಲು ಕೇಳುವುದೇ "ಅಲ್ಲಿ ಆಗುತ್ತಿರಲಿಲ್ಲವಾ?" ಅಂತ. ಅದಕ್ಕೆ ಉತ್ತರ ಆ ಚೀಟಿಯಲ್ಲಿದೆ. ನಮ್ಮ ಜನ ಅದನ್ನು ದೊಡ್ಡಾಸ್ಪತ್ರೆಯ ಕೌಂಟರಿನಲ್ಲಿ ಕೊಟ್ಟು ಸುಮ್ನೆ ಬರುತ್ತಾರೆ. ಕೊಡುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತಗೊಳ್ಳಿ.

ಇಷ್ಟು ಮಾಡಿದರೂ ಇಲ್ಲ ಅಂದರೆ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಇಲ್ಲ ಅಂತ ಬರಹದಲ್ಲಿ ಕೇಳಿ. ಆಮೇಲೆ ಕಂಪನಿಯ ದೂರು ಅಧಿಕಾರಿ, ವಿಮಾ ನಿಯಂತ್ರಕರ ದೂರು ಜಾಲತಾಣವಾದ ಬಿಮಾ ಭರೋಸಾ ಪೋರ್ಟಲ್, ಕೊನೆಗೆ ವಿಮೆಯ ತಕರಾರು ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್. ಓಂಬುಡ್ಸ್‌ಮನ್ ಹತ್ತಿರ ಫೀಸೂ ಇಲ್ಲ, ವಕೀಲರೂ ಬೇಡ. 2,000ಕ್ಕೆ ಅಲ್ಲಿತನಕ ಹೋಗಬೇಕಾ ಅಂದರೆ, ನಾನಾದರೆ ಹೋಗುವುದಿಲ್ಲ. ಎರಡು ಇಮೇಲ್ ಕಳಿಸಿ ನೋಡುತ್ತೇನೆ.

ಪತ್ರ ಓದುವಾಗ ನನಗೆ ಸಿಟ್ಟು ಬಂದಿದ್ದು ಬೇರೆ ಕಡೆ. ಎದೆನೋವಿಗೆ ಇಸಿಜಿ ಇಲ್ಲದೆ ಗ್ಯಾಸ್ ಎಂದು ಸೂಜಿ ಚುಚ್ಚಿದವನು ಯಾವ ಡಾಕ್ಟರ್? ಬೋರ್ಡಿನಲ್ಲಿ ಏನು ಓದಿದ್ದಾನೆಂದು ಬರೆದಿದೆಯಾ? ಒಂದು ರಾತ್ರಿ ಕಳೆದಿದೆ. ಆ ರಾತ್ರಿಯೇ 108ಕ್ಕೆ ಫೋನ್ ಮಾಡಿದ್ದರೆ 6,500 ಉಳಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹೃದಯದ ಒಂದಿಷ್ಟು ಮಾಂಸಖಂಡ ಉಳಿಯುತ್ತಿತ್ತೇನೋ.

ಕ್ಯಾಶುವಾಲ್ಟಿಯಲ್ಲಿ ನಾಲ್ಕು ತಾಸು ಇಟ್ಟುಕೊಂಡು ಮನೆಗೆ ಕಳಿಸಿದರು. ಆಂಬುಲೆನ್ಸ್ ದುಡ್ಡು ಕೇಳಬಹುದಾ? (ಧಾರವಾಡ)

ಊಟಕ್ಕೆ ಕೂತವರಿಗಷ್ಟೇ ಎಲೆ-ಅಡಿಕೆ. ಅಡ್ಮಿಟ್ ಆದ ಕ್ಲೇಮ್ ಇದ್ದರೆ ಮಾತ್ರ ಆಂಬುಲೆನ್ಸ್ ದುಡ್ಡು.

ಡಿಸ್ಚಾರ್ಜ್ ಆದ ಅವ್ವನನ್ನು ಆಂಬುಲೆನ್ಸ್‌ನಲ್ಲೇ ಹಾನಗಲ್ಲಿಗೆ ತಂದೆವು. ಕೊಡ್ತಾರಾ? (ಹಾವೇರಿ ಜಿಲ್ಲೆ)

ಹೆಚ್ಚಿನ ಪಾಲಿಸಿಗಳಲ್ಲಿ ಇಲ್ಲ.

ಆಸ್ಪತ್ರೆ ಗೇಟಿನ ಹತ್ತಿರ ಒಬ್ಬರು 2,000ದ ಬಿಲ್ಲನ್ನು 8,000 ಮಾಡಿಕೊಡ್ತೀನಿ ಅಂತಾರೆ. ನಮ್ಮ ಪಾಲಿಸಿಯಲ್ಲಿ ಮಿತಿ 10,000 ಇದೆ. (ಹುಬ್ಬಳ್ಳಿ)

ಇದನ್ನು ನನಗೆ ಬರೆದು ಕೇಳುತ್ತೀರಲ್ಲ, ಏನನ್ನಬೇಕು? ಬಿಲ್ ಸುಳ್ಳು ಅಂತ ಗೊತ್ತಾದರೆ ಹೋಗುವುದು ಆಂಬುಲೆನ್ಸ್ ದುಡ್ಡಷ್ಟೇ ಅಲ್ಲ, ಇಡೀ ಕ್ಲೇಮ್. ಲಕ್ಷಗಟ್ಟಲೆ ಆಸ್ಪತ್ರೆ ಬಿಲ್ ನಿಮ್ಮ ತಲೆ ಮೇಲೆ ಬರುತ್ತದೆ. ಗೇಟಿನ ಹತ್ತಿರ ನಿಂತವನು ಆಗ ಫೋನ್ ಎತ್ತುವುದಿಲ್ಲ.

ಹೆದ್ದಾರಿಯಲ್ಲಿ ಅಪಘಾತ ನೋಡಿದರೆ ಆಂಬುಲೆನ್ಸ್ ಕರೆಸಲು ಹೆದರಿಕೆ. ಬಿಲ್ಲು, ಪೊಲೀಸ್ ಕೇಸು ನಮ್ಮ ಮೇಲೆ ಬಂದರೆ? (ರಾಣೆಬೆನ್ನೂರು)

ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ನಿಮ್ಮ ಕಡೆಗಿದೆ. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರು ಹೆಸರು ಹೇಳಲೇಬೇಕೆಂದಿಲ್ಲ. ಗಾಯಾಳುವಿನ ಬಳಿ ಪಾಲಿಸಿ ಇಲ್ಲದಿದ್ದರೂ ನಡೆಯುತ್ತದೆ. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯಲ್ಲಿ ಅಪಘಾತವಾದ ದಿನದಿಂದ 7 ದಿನ, 1.5 ಲಕ್ಷ ರೂಪಾಯಿವರೆಗೆ, ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ. 112ಕ್ಕೋ 108ಕ್ಕೋ ಫೋನ್ ಮಾಡಿ. ವಿಡಿಯೊ ಆಮೇಲೆ ಮಾಡಿ. ಮಾಡದಿದ್ದರೆ ಇನ್ನೂ ಒಳ್ಳೆಯದು.

ಏರ್ ಆಂಬುಲೆನ್ಸ್ ಇರುವ ಪಾಲಿಸಿಗೆ ಬದಲಾಗಲಾ? ಈಗ ಇರುವುದು 2 ಲಕ್ಷದ್ದು. (ಗದಗ)

ಮೊದಲು ಆ 2 ಲಕ್ಷವನ್ನು 10 ಮಾಡಿಸಿ. ವಿಮಾನದ ಮಾತು ಆಮೇಲೆ.